ನೀರ್‌ಕೆಟ್ಟ್ ಎಂದರೆ ನೀರಲ್ಲ: ಹಿರಿಯರ ಇಎಸ್‌ಆರ್, ಸಿಆರ್‌ಪಿ ವರದಿ ಓದುವ ಬಗೆ

ಕಳೆದ ಆಟಿ ತಿಂಗಳಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನಮ್ಮ ದೊಡ್ಡಮ್ಮ ನಾಲ್ಕು ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಅವರಿಗೆ 76 ವರ್ಷ. ಗಂಟುನೋವೆಂದು ಆಸ್ಪತ್ರೆಗೆ ಹೋದಾಗ ಡಾಕ್ಟ್ರು ರಕ್ತಪರೀಕ್ಷೆಯ ಕಾಗದ ನೋಡಿ, ಮಲಯಾಳದಲ್ಲಿ ‘ಕುರಚ್ಚ್ ನೀರ್‌ಕೆಟ್ಟುಂಡ್’ ಎಂದರಂತೆ. ದೊಡ್ಡಮ್ಮನ ಕಿವಿಗೆ ಅದು ‘ನೀರು ಕಟ್ಟಿದೆ’ ಎಂದು ಕೇಳಿಸಿತು. ಮೈಯಲ್ಲಿ ಮೊದಲೇ ನೀರು ನಿಂತಿದೆ, ಇನ್ನೂ ಕುಡಿದರೆ ಕಾಲು ಬೀಗುತ್ತದೆ ಎಂದು ಅವರು ತಾವೇ ತೀರ್ಮಾನಿಸಿದರು. ಐದನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತಲೆ ತಿರುಗಿ ಗೋಡೆ ಹಿಡಿದುಕೊಂಡರು. ಆ ಮೇಲೆ ನನಗೆ ಫೋನ್ ಬಂತು.

ಡಾಕ್ಟ್ರು ಹೇಳಿದ ನೀರ್‌ಕೆಟ್ಟ್ ಎಂದರೆ ಉರಿಯೂತ. ಸೋಂಕು, ಪೆಟ್ಟು ಅಥವಾ ಸವೆತಕ್ಕೆ ಎದುರಾಗಿ ದೇಹ ತೋರಿಸುವ ಪ್ರತಿಕ್ರಿಯೆ ಅದು. ವರದಿಯಲ್ಲಿದ್ದದ್ದು ಇಷ್ಟೇ: ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಎಂಬ ಪರೀಕ್ಷೆಯ ಅಂಕಿ 41, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು, ಅದರ ಪಕ್ಕದಲ್ಲಿ 0ಯಿಂದ 20 ಎಂಬ ಮಿತಿ. ಆ ನಕ್ಷತ್ರಕ್ಕೆ ಹೆದರಬೇಕಾದ ಕಾರಣವೇ ಇರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಕುಂಬಳೆ, ಬದಿಯಡ್ಕ ಕಡೆಯ ಲ್ಯಾಬುಗಳಲ್ಲಿ 22 ವರ್ಷ ರಕ್ತ ತೆಗೆದು, ಪರೀಕ್ಷೆ ಮಾಡಿ, ವರದಿ ಬರೆದವಳು. ವೈದ್ಯೆಯಲ್ಲ. ಯಾವ ಮದ್ದು ತಿನ್ನಬೇಕು ಎಂದು ಇಲ್ಲಿ ಹೇಳುವುದಿಲ್ಲ. ಆದರೆ ನಮ್ಮ ಗಡಿನಾಡಿನಲ್ಲಿ ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ವಿವರಣೆ ಮಲಯಾಳದಲ್ಲಿ ಸಿಗುತ್ತದೆ, ಅರ್ಥವಾಗಬೇಕಾದದ್ದು ಕನ್ನಡದಲ್ಲೋ ತುಳುವಿನಲ್ಲೋ ಯೋಚಿಸುವ ಅಜ್ಜ ಅಜ್ಜಿಯರಿಗೆ. ನಡುವೆ ಸೋರಿಹೋಗುವ ಅರ್ಥ ಬಹಳ. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ಡಾಕ್ಟ್ರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳುವಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಂತ 1: ರಕ್ತ ಕೊಡುವ ಮೊದಲು

ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಈ ಮೂರಕ್ಕೂ ಖಾಲಿಹೊಟ್ಟೆ ಬೇಡ. ಸಕ್ಕರೆ, ಕೊಬ್ಬಿನ ಪರೀಕ್ಷೆ ಜೊತೆಗಿದ್ದರೆ ಮಾತ್ರ ಉಪವಾಸದ ಪ್ರಶ್ನೆ. 80 ದಾಟಿದವರನ್ನು ಬೆಳಿಗ್ಗೆ ಹತ್ತು ಗಂಟೆಯವರೆಗೆ ಗಂಜಿಯೂ ಕೊಡದೆ ಲ್ಯಾಬಿನ ಬೆಂಚಿನಲ್ಲಿ ಕೂರಿಸಿರುವುದನ್ನು ಎಷ್ಟು ಸಲ ನೋಡಿದ್ದೇನೋ. ಮೊದಲೇ ಕೇಳಿಕೊಂಡು ಬನ್ನಿ.

ಹಿಂದಿನ ಮೂರು ವಾರಗಳಲ್ಲಿ ಏನೇನಾಯಿತು ಎಂದು ಒಂದು ಕಾಗದದಲ್ಲಿ ಬರೆದಿಡಿ. ಶೀತ ಜ್ವರ ಬಂದಿತ್ತೇ, ಬಿದ್ದು ಪೆಟ್ಟಾಗಿತ್ತೇ, ಹಲ್ಲು ಕೀಳಿಸಿದ್ದಾರೆಯೇ, ಲಸಿಕೆ ಹಾಕಿಸಿದ್ದಾರೆಯೇ, ಕಾಲಿನಲ್ಲಿ ಮಾಯದ ಹುಣ್ಣಿದೆಯೇ? ಇವೆಲ್ಲವೂ ಉರಿಯೂತದ ಅಂಕಿಗಳನ್ನು ಏರಿಸುತ್ತವೆ. ಮೊಣಗಂಟು ಬದಲಾವಣೆಯಂಥ ದೊಡ್ಡ ಆಪರೇಶನ್ ಆದವರಲ್ಲಿ ಸಿಆರ್‌ಪಿ ಎರಡು ಮೂರು ದಿನಕ್ಕೆ ತುದಿಗೇರಿ, ಎಲ್ಲ ಸರಿಯಿದ್ದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಎಸ್‌ಆರ್ ಇಳಿಯಲು ತಿಂಗಳುಗಳೇ ಬೇಕಾಗಬಹುದು.

ಮದ್ದುಗಳ ಪಟ್ಟಿಯನ್ನೂ ಬರೆಯಿರಿ, ಏನನ್ನೂ ಬಚ್ಚಿಡಬೇಡಿ. ಸ್ಟೀರಾಯ್ಡ್ ಮಾತ್ರೆ ಸಿಆರ್‌ಪಿಯನ್ನು ಇಳಿಸುತ್ತದೆ, ಅದೇ ಹೊತ್ತಿಗೆ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಏರಿಸುತ್ತದೆ. ಗಂಟುನೋವಿಗೆಂದು ಚೀಟಿಯಿಲ್ಲದೆ ಸಿಗುವ ಕೆಲವು ಪುಡಿ, ಮಾತ್ರೆಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿರುವುದುಂಟು. ‘ತಿಂದ ಎರಡನೇ ದಿನಕ್ಕೇ ನೋವು ಮಾಯ, ಹಸಿವೂ ಜೋರು’ ಎಂದು ಅಜ್ಜ ಹೊಗಳಿದರೆ ಆ ಪೊಟ್ಟಣವನ್ನೇ ಡಾಕ್ಟ್ರಿಗೆ ತೋರಿಸಿ. ಬಹಳ ದಿನ ತಿಂದಿದ್ದರೆ ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಅಪಾಯ.

ಹಂತ 2: ಅಂಕಿಗೆ ಮೊದಲು ಅಳತೆಯನ್ನು ನೋಡಿ

ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ದಪ್ಪ ಅಕ್ಷರಕ್ಕೇ ಹೋಗುತ್ತದೆ. ಮೊದಲು ಹೆಸರು, ವಯಸ್ಸು, ರಕ್ತ ತೆಗೆದ ದಿನ, ಸಮಯ ಸರಿಯಿದೆಯೇ ನೋಡಿ. ಆಮೇಲೆ ಅಂಕಿಯ ಪಕ್ಕದ ಅಳತೆ.

ಸಿಆರ್‌ಪಿಯನ್ನು ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ, ಕೆಲವು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ ಕೊಡುತ್ತವೆ. ಇವೆರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಉಪ್ಪಳದಲ್ಲಿ ಒಮ್ಮೆ, ತಲಪಾಡಿ ದಾಟಿ ಮಂಗಳೂರಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ನಮ್ಮಲ್ಲಿ ಮಾಮೂಲು. ಒಬ್ಬರು ತಮ್ಮ ತಂದೆಯ ಎರಡು ಕಾಗದ ಹಿಡಿದು ನಡುಗುತ್ತಾ ಬಂದಿದ್ದರು: ‘ವಾರದಲ್ಲಿ 1.2 ಇದ್ದದ್ದು 12 ಆಗಿದೆ ಅಕ್ಕ, ಏನು ಮಾಡಲಿ?’ ನೋಡಿದರೆ ಮೊದಲನೆಯದು ಡೆಸಿಲೀಟರಿನ ಲೆಕ್ಕ, ಎರಡನೆಯದು ಲೀಟರಿನದು. ಎರಡೂ ಒಂದೇ ಮಟ್ಟ! ಡೆಸಿಲೀಟರಿನ ಅಂಕಿಯನ್ನು ಹತ್ತರಿಂದ ಗುಣಿಸಿ ಲೀಟರಿಗೆ ತಂದುಕೊಂಡೇ ಹೋಲಿಸಿ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷಿಸಿ. ಈ ಬರಹದಲ್ಲಿ ಸಿಆರ್‌ಪಿಯ ಅಂಕಿಗಳೆಲ್ಲ ಲೀಟರಿನ ಲೆಕ್ಕದವು.

ಹಂತ 3: ಇಎಸ್‌ಆರ್ ಓದುವುದು

ಇದು ಹಳೆಯ ಪರೀಕ್ಷೆ. ವರದಿಯಲ್ಲಿ ‘ವೆಸ್ಟರ್‌ಗ್ರೆನ್’ ಎಂದಿರುತ್ತದಲ್ಲ, ಅದು ಸ್ವೀಡನ್ನಿನ ವೈದ್ಯ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ವಿಧಾನ. ರಕ್ತ ಹೆಪ್ಪುಗಟ್ಟದಂತೆ ಮಾಡಿ, ತೆಳ್ಳಗಿನ ಉದ್ದ ನಳಿಕೆಯಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಅಕ್ಕಿ ತೊಳೆದ ನೀರನ್ನು ಅಲುಗಾಡಿಸದೆ ಇಟ್ಟರೆ ಹಿಟ್ಟು ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದಲ್ಲ, ಹಾಗೆಯೇ ಕೆಂಪುಕಣಗಳು ಕೆಳಗಿಳಿಯುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂಬುದೇ ಇಎಸ್‌ಆರ್.

ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಆಗ ಕೆಂಪುಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿಕೊಂಡು, ಗುಂಪಾಗಿ ಬೇಗ ಇಳಿಯುತ್ತವೆ. ಅಂದರೆ ಇಎಸ್‌ಆರ್ ಉರಿಯೂತವನ್ನು ನೇರವಾಗಿ ಅಳೆಯುವುದೇ ಇಲ್ಲ, ಅದರ ನೆರಳನ್ನು ಅಳೆಯುತ್ತದೆ. ನೆರಳು ಉದ್ದವಾಗಲು ಬೇರೆ ಕಾರಣಗಳೂ ಇವೆ. ರಕ್ತಹೀನತೆಯಿದ್ದರೆ ಏರುತ್ತದೆ, ಮೂತ್ರಪಿಂಡದ ತೊಂದರೆಯಿದ್ದರೆ ಏರುತ್ತದೆ, ದಪ್ಪ ಮೈಯವರಲ್ಲೂ ಏರುತ್ತದೆ. ವಯಸ್ಸಿನೊಂದಿಗಂತೂ ಏರಿಯೇ ಏರುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು.

ಲ್ಯಾಬಿನ ಕಂಪ್ಯೂಟರ್ ಹೆಚ್ಚಾಗಿ ವಯಸ್ಸು ನೋಡದೆ 0–20 ಎಂದೇ ಮುದ್ರಿಸುತ್ತದೆ. ಹಿರಿಯರಿಗೆ ಬೇರೆ ಲೆಕ್ಕ ಬೇಕು. 1983ರಿಂದ ವೈದ್ಯರು ಬಳಸುವ ಒಂದು ಸರಳ ಸೂತ್ರವಿದೆ. ಗಂಡಸರಿಗೆ ವಯಸ್ಸಿನ ಅರ್ಧ. ಹೆಂಗಸರಿಗೆ ವಯಸ್ಸಿಗೆ 10 ಕೂಡಿಸಿ ಅರ್ಧ. ನಮ್ಮ ದೊಡ್ಡಮ್ಮನಿಗೆ 76ಕ್ಕೆ 10 ಸೇರಿ 86, ಅದರ ಅರ್ಧ 43. ಅವರ 41 ಅದರೊಳಗೇ ಇತ್ತು. 82 ವರ್ಷದ ಅಜ್ಜನಿಗೆ ಮಿತಿ ಸುಮಾರು 41. ಇದು ಗೆರೆ ಎಳೆದಂಥ ಗಡಿಯಲ್ಲ, ಅಂದಾಜು. ಆದರೂ ಎಷ್ಟೋ ಮನೆಗಳ ಆತಂಕ ಈ ಒಂದು ಲೆಕ್ಕದಿಂದ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮತ್ತೊಂದು ವಿಷಯ ಲ್ಯಾಬಿನ ಒಳಗಿನವರಿಗೆ ಮಾತ್ರ ಗೊತ್ತಿರುವಂಥದ್ದು. ರಕ್ತವನ್ನು ಫ್ರಿಜ್ಜಿನ ಹೊರಗೆ ಇಟ್ಟರೆ ನಾಲ್ಕು ಗಂಟೆಯೊಳಗೆ ಇಎಸ್‌ಆರ್ ನೋಡಬೇಕು. ತಡವಾದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ನಳಿಕೆ ಚೂರು ಓರೆಯಾದರೂ, ಕೋಣೆಯಲ್ಲಿ ಸೆಕೆ ಹೆಚ್ಚಿದರೂ ಸುಳ್ಳಾಗಿ ಏರುತ್ತದೆ. ಸಣ್ಣ ಪೇಟೆಗಳಲ್ಲಿ ರಕ್ತ ಸಂಗ್ರಹಿಸಿ ದೂರದ ನಗರಕ್ಕೆ ಕಳಿಸುವ ಕಡೆ, ‘ಇಎಸ್‌ಆರ್ ಇಲ್ಲೇ ನೋಡುತ್ತೀರಾ, ಕಳಿಸುತ್ತೀರಾ?’ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಲ್ಯಾಬಿನವರು ಸಿಟ್ಟಾಗುವುದಿಲ್ಲ.

100 ದಾಟಿದ ಇಎಸ್‌ಆರನ್ನು ಮಾತ್ರ ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವಂತಿಲ್ಲ. ಅದರ ಹಿಂದೆ ಹೆಚ್ಚಾಗಿ ದೊಡ್ಡ ಕಾರಣವೇ ಇರುತ್ತದೆ: ಕ್ಷಯವೂ ಸೇರಿದಂತೆ ಗಂಭೀರ ಸೋಂಕು, ರಕ್ತನಾಳಗಳ ಉರಿಯೂತ, ಮೂತ್ರಪಿಂಡದ ರೋಗ, ಕೆಲವು ಬಗೆಯ ಕ್ಯಾನ್ಸರ್. ಯಾವುದೆಂದು ಇಎಸ್‌ಆರ್ ಒಂದೇ ಹೇಳಲಾರದು. ಕ್ಷಯವೆಂದು ತೀರ್ಮಾನಿಸಲು ಕಫದ ಪರೀಕ್ಷೆಯಂಥವು ಬೇಕೇ ಬೇಕು.

ಹಂತ 4: ಸಿಆರ್‌ಪಿ ಓದುವುದು

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್, ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ನ್ಯುಮೋನಿಯಾ ಬ್ಯಾಕ್ಟೀರಿಯಾದ ‘ಸಿ’ ಎಂಬ ಅಂಶಕ್ಕೆ ಅಂಟಿಕೊಳ್ಳುವ ಪ್ರೋಟೀನ್ ಆದ್ದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು ಬಂತು. ಇದನ್ನು ತಯಾರಿಸುವುದು ಪಿತ್ತಕೋಶದ ಪಕ್ಕದ ಯಕೃತ್ತು, ಅಂದರೆ ಲಿವರ್. ಆದ್ದರಿಂದ ಲಿವರ್ ತೀರ ಹಾಳಾದವರಲ್ಲಿ ಸೋಂಕಿದ್ದರೂ ಸಿಆರ್‌ಪಿ ಹೆಚ್ಚು ಏರದೆ ಉಳಿಯಬಹುದು.

ಇಎಸ್‌ಆರ್ ನಿಧಾನಿ, ಸಿಆರ್‌ಪಿ ಚುರುಕು. ಕೆಡುಕು ಶುರುವಾಗಿ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಒಂದೂವರೆ ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ಹೋದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತಾ ಇಳಿಯುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಮಲಗಿದವರಿಗೆ ಎರಡು ದಿನಕ್ಕೊಮ್ಮೆ ಸಿಆರ್‌ಪಿ ಬರೆಯುವುದು. ಆಂಟಿಬಯಾಟಿಕ್ ನಾಟಿತೇ ಇಲ್ಲವೇ ಎಂಬುದು ಅಂಕಿ ಇಳಿಯುವ ವೇಗದಲ್ಲೇ ಕಾಣುತ್ತದೆ.

ಸಾಮಾನ್ಯ ಮಿತಿ ಲ್ಯಾಬಿಗೆ ತಕ್ಕಂತೆ 5 ಅಥವಾ 10ರೊಳಗೆ. ಹಿರಿಯರಲ್ಲಿ ಇದೂ ತುಸು ಮೇಲಿರುತ್ತದೆ. ವಯಸ್ಸಾಗುತ್ತಾ ಮೈಯಲ್ಲಿ ಸಣ್ಣ ಕೆಂಡದ ಹಾಗೆ ಮಂದ ಉರಿಯೂತ ಉಳಿಯುವುದನ್ನು ಇಟಲಿಯ ವಿಜ್ಞಾನಿ ಕ್ಲಾಡಿಯೋ ಫ್ರಾನ್ಸೆಸ್ಕಿ 2000ದಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಕರೆದರು. ಬೊಜ್ಜು, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ವಸಡಿನ ರೋಗ ಆ ಕೆಂಡಕ್ಕೆ ಗಾಳಿ ಹಾಕುತ್ತವೆ. ಎಲೆಯಡಿಕೆ ಹೊಗೆಸೊಪ್ಪು ಜಗಿದು ವಸಡು ಸವೆದ ನಮ್ಮ ಹಿರಿಯರ ಬಾಯಿಯನ್ನು ಯಾರೂ ನೋಡುವುದೇ ಇಲ್ಲ. ಸಿಆರ್‌ಪಿ ಸದಾ 8, 9ರಲ್ಲಿ ನಿಂತವರನ್ನು ಒಮ್ಮೆ ಹಲ್ಲಿನ ಡಾಕ್ಟ್ರಲ್ಲಿಗೂ ಕರೆದುಕೊಂಡು ಹೋಗಿ.

10ರಿಂದ 40ರ ಆಸುಪಾಸು ಎಂದರೆ ವೈರಸ್ ಜ್ವರ, ಗಂಟುಗಳ ಉರಿಯೂತ, ಇತ್ತೀಚಿನ ಪೆಟ್ಟು, ಆಗಷ್ಟೇ ಶುರುವಾದ ಅಥವಾ ವಾಸಿಯಾಗುತ್ತಿರುವ ಸೋಂಕು, ಏನೂ ಇರಬಹುದು. 100 ದಾಟಿದರೆ ಹೆಚ್ಚಿನ ಪಾಲು ಬ್ಯಾಕ್ಟೀರಿಯಾ ಸೋಂಕು: ನ್ಯುಮೋನಿಯಾ, ಮೂತ್ರದ ಸೋಂಕು, ಪಿತ್ತಕೋಶದ ಉರಿಯೂತ, ಕಾಲಿನ ಚರ್ಮ ಕೆಂಪೇರಿ ಬಾತುಕೊಳ್ಳುವ ಸೆಲ್ಯುಲೈಟಿಸ್. ಆದರೂ ಅಪವಾದಗಳಿವೆ. ಕೋವಿಡ್ ವೈರಸ್ಸೇ ಆದರೂ ಕಾಯಿಲೆ ಬಿಗಡಾಯಿಸಿದವರಲ್ಲಿ ಸಿಆರ್‌ಪಿ ನೂರು ದಾಟಿದ್ದುಂಟು. ಯೂರಿಕ್ ಆಮ್ಲದ ಗೌಟ್ ಬಂದು ಹೆಬ್ಬೆರಳ ಬುಡ ಉರಿಯುವಾಗಲೂ ತುಂಬ ಏರಬಹುದು. ಗೌಟ್ ಜೋರಾಗಿರುವ ದಿನ ಯೂರಿಕ್ ಆಮ್ಲದ ಅಂಕಿ ಮಾತ್ರ ಸಾಮಾನ್ಯವಾಗಿಯೇ ಇರುವುದೂ ಉಂಟು. ಆಗ ಗೌಟ್ ಅಲ್ಲವೆಂದು ತಳ್ಳಿಹಾಕಬೇಡಿ.

ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸುತ್ತದೆ, ಸಿಆರ್‌ಪಿಯನ್ನು ಇಳಿಸುವುದಿಲ್ಲ. ಜ್ವರ ಬಿಟ್ಟಿತೆಂದು ಸಮಾಧಾನಪಡುವ ಮೊದಲು ಇದು ನೆನಪಿರಲಿ.

ಎಚ್‌ಎಸ್-ಸಿಆರ್‌ಪಿ ಎಂಬ ಹೆಸರು ಕಂಡರೆ ಅದು ಬೇರೆ ಪ್ರೋಟೀನ್ ಅಲ್ಲ, ಅದನ್ನೇ ಸೂಕ್ಷ್ಮವಾಗಿ ಅಳೆಯುವ ವಿಧಾನ. ಹೃದಯದ ಅಪಾಯ ಅಂದಾಜಿಸಲು ಬಳಸುತ್ತಾರೆ: 1ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ಶೀತ ಜ್ವರ ಇರುವಾಗ ಇದನ್ನು ಮಾಡಿಸುವುದು ದುಡ್ಡು ದಂಡ. 10 ದಾಟಿದ್ದರೆ ಕಾರಣ ಹುಡುಕಿ, ಗುಣವಾದ ಕೆಲವು ವಾರಗಳ ನಂತರ ಮತ್ತೆ ಮಾಡಿಸಬೇಕು.

ಹಂತ 5: ಎರಡನ್ನೂ ಅಕ್ಕಪಕ್ಕ ಇಡಿ

ಸಿಆರ್‌ಪಿ ಏರಿದೆ, ಇಎಸ್‌ಆರ್ ಇನ್ನೂ ಏರಿಲ್ಲ ಎಂದರೆ ತೊಂದರೆ ಹೊಸದಿರಬಹುದು, ಶುರುವಾಗಿ ಒಂದೆರಡು ದಿನವಷ್ಟೇ ಆಗಿರಬಹುದು. ಗುಣವಾಗುವಾಗ ತಿರುಗುಮುರುಗು: ಸಿಆರ್‌ಪಿ ಇಳಿದಿರುತ್ತದೆ, ಇಎಸ್‌ಆರ್ ವಾರಗಟ್ಟಲೆ ಮೇಲೆಯೇ ಉಳಿದಿರುತ್ತದೆ. ಇಂಥ ಹೊತ್ತಿನಲ್ಲಿ ಇಎಸ್‌ಆರ್ ನೋಡಿ ‘ಸೋಂಕು ಹೋಗಲೇ ಇಲ್ಲ’ ಎಂದು ಕೊರಗಬೇಡಿ.

ಇಎಸ್‌ಆರ್ ತುಂಬ ಹೆಚ್ಚು, ಸಿಆರ್‌ಪಿ ಸಾಮಾನ್ಯ, ಹೀಗೇ ತಿಂಗಳುಗಟ್ಟಲೆ ನಿಂತರೆ ರಕ್ತಹೀನತೆ, ಮೂತ್ರಪಿಂಡ ಎರಡನ್ನೂ ನೋಡಬೇಕು. ಅದರ ಜೊತೆ ಬಿಡದ ಸೊಂಟನೋವು, ಇಳಿಯುತ್ತಿರುವ ಹಿಮೋಗ್ಲೋಬಿನ್, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಏರುತ್ತಿರುವುದು ಇದ್ದರೆ ‘ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಬೇಕೇ?’ ಎಂದು ಡಾಕ್ಟ್ರನ್ನು ಕೇಳಿ; ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ ಅದು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಹಿರಿಯರಲ್ಲಿ ‘ವಯಸ್ಸಿನ ಬೆನ್ನುನೋವು’ ಎಂಬ ಹೆಸರಿನಲ್ಲಿ ಅಡಗಿರುವುದುಂಟು.

ಎರಡೂ ಏರಿವೆ, ಬೆಳಿಗ್ಗೆ ಎದ್ದಾಗ ಎರಡೂ ಹೆಗಲು, ತೊಡೆಯ ಸಂದು ಮರಗಟ್ಟಿ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಸಡಿಲವಾಗುವುದಿಲ್ಲ, ಕೈಯೆತ್ತಿ ತಲೆ ಬಾಚಲು ಆಗುವುದಿಲ್ಲ ಎನ್ನುವವರಿಗೆ ಪಾಲಿಮಯಾಲ್ಜಿಯಾ ರುಮಾಟಿಕಾ ಇರಬಹುದು. 50 ದಾಟಿದವರಿಗೆ ಮಾತ್ರ ಬರುವ ಕಾಯಿಲೆ ಇದು, ಗುರುತಿಸಿದರೆ ಕಡಿಮೆ ಪ್ರಮಾಣದ ಸ್ಟೀರಾಯ್ಡಿಗೆ ಬೇಗ ಬಗ್ಗುತ್ತದೆ. ಇದರ ಜೊತೆಗೋ ಪ್ರತ್ಯೇಕವಾಗಿಯೋ ಹೊಸ ತಲೆನೋವು, ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಣತಲೆಯ ರಕ್ತನಾಳದ ಉರಿಯೂತ ನಮ್ಮಲ್ಲಿ ಅಪರೂಪ, ಆದರೆ ತಡಮಾಡಿದರೆ ದೃಷ್ಟಿಯೇ ಹೋಗಬಹುದು.

ಹಂತ 6: ಉಳಿದ ಸಾಲುಗಳು

ಸಿಬಿಸಿಯಲ್ಲಿ ಬಿಳಿಕಣ 4,000ದಿಂದ 11,000ದೊಳಗೆ ಇದ್ದರೆ ಸಾಮಾನ್ಯ ಎನ್ನುತ್ತಾರೆ. ಆದರೆ ವಯಸ್ಸಾದ ಮೈ ಗಂಭೀರ ಸೋಂಕಿನಲ್ಲೂ ಬಿಳಿಕಣಗಳನ್ನು ಏರಿಸದೆ ಇರಬಹುದು. ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿದ್ದರೆ ಅದೂ ಉರಿಯೂತದ ಗುರುತಾಗಿರಬಹುದು. ಮಳೆಗಾಲದ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಮಾತ್ರವಲ್ಲ, ಇಲಿಜ್ವರವನ್ನೂ ನೆನೆಯಬೇಕು. ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡಿದ್ದರೆ ಅದನ್ನು ಡಾಕ್ಟ್ರಿಗೆ ಕೇಳದೆಯೂ ಹೇಳಿ.

ಫೆರಿಟಿನ್ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಅದು ಮೈಯ ಕಬ್ಬಿಣದ ದಾಸ್ತಾನು ತೋರಿಸುತ್ತದೆ, ನಿಜ. ಆದರೆ ಉರಿಯೂತವಿದ್ದಾಗ ದಾಸ್ತಾನು ಖಾಲಿಯಾಗಿದ್ದರೂ ಫೆರಿಟಿನ್ ಏರಿ ನಿಲ್ಲುತ್ತದೆ. ಸಿಆರ್‌ಪಿ ಹೆಚ್ಚಿರುವ ಅಜ್ಜಿಗೆ ಫೆರಿಟಿನ್ 60 ಬಂದಿತೆಂದರೆ ಕಬ್ಬಿಣ ಸಾಕಷ್ಟಿದೆ ಎಂದರ್ಥವಲ್ಲ; ಇಂಥ ಸ್ಥಿತಿಯಲ್ಲಿ 100ಕ್ಕಿಂತ ಕಡಿಮೆಯನ್ನೂ ಕೊರತೆಯೆಂದು ಅನುಮಾನಿಸುತ್ತಾರೆ. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಜೊತೆಗಿದ್ದರೆ ಚಿತ್ರ ಸ್ಪಷ್ಟ.

ಇದಕ್ಕೆ ತದ್ವಿರುದ್ಧವಾಗಿ ಆಲ್ಬುಮಿನ್ ಉರಿಯೂತದಲ್ಲಿ ಇಳಿಯುವ ಪ್ರೋಟೀನ್. 3.5ಕ್ಕಿಂತ ಕೆಳಗಿದ್ದರೆ ಊಟ ಕಡಿಮೆಯಾದದ್ದೊಂದೇ ಕಾರಣವಲ್ಲ. ಪ್ರೊಕ್ಯಾಲ್ಸಿಟೋನಿನ್ ದುಬಾರಿ ಪರೀಕ್ಷೆ, ಆಸ್ಪತ್ರೆಯಲ್ಲಿ ರಕ್ತಕ್ಕೆ ಸೋಂಕು ಹರಡಿದ ಅನುಮಾನವಿದ್ದಾಗ ಡಾಕ್ಟ್ರೇ ಬರೆಯುತ್ತಾರೆ. ಪ್ಯಾಕೇಜಿನಲ್ಲಿ ಸೇರಿಸಿ ಮಾಡಿಸುವಂಥದ್ದಲ್ಲ. ಸಂಧಿವಾತ ಇದೆಯೇ ಎಂದು ತಿಳಿಯಲು ನೋಡುವ ಆರ್‌ಎ ಫ್ಯಾಕ್ಟರ್ ಕೆಲವು ಆರೋಗ್ಯವಂತ ಹಿರಿಯರಲ್ಲೂ ಪಾಸಿಟಿವ್ ಬರುತ್ತದೆ. ಗಂಟು ಬಾತಿಲ್ಲದಿದ್ದರೆ ಆ ಒಂದು ಪದಕ್ಕೆ ಹೆದರಬೇಡಿ.

ಹಂತ 7: ಕಾಗದ ಕೆಳಗಿಟ್ಟು ಮನುಷ್ಯರನ್ನು ನೋಡಿ

ನೆರೆಮನೆಯ ಅಜ್ಜನಿಗೆ 82. ಒಂದು ಮಧ್ಯಾಹ್ನ ಊಟ ಬೇಡವೆಂದರು, ಸಂಜೆ ಮೊಮ್ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಜ್ವರವಿಲ್ಲ, ಕೆಮ್ಮಿಲ್ಲ. ಬಿಳಿಕಣ 9,800. ಮನೆಯವರು ಮರೆವಿನ ಕಾಯಿಲೆ ಎಂದುಕೊಂಡರು. ಸಿಆರ್‌ಪಿ 148 ಇತ್ತು. ಮೂತ್ರದ ಸೋಂಕು. ಚಿಕಿತ್ಸೆಯಾದ ವಾರದೊಳಗೆ ಮೊಮ್ಮಗ ಮತ್ತೆ ಮೊಮ್ಮಗನೇ ಆದ.

ಹಿರಿಯರಲ್ಲಿ ಸೋಂಕು ಹೀಗೇ ಬರುತ್ತದೆ. ಹಠಾತ್ ಗಲಿಬಿಲಿ, ಕಾರಣವಿಲ್ಲದೆ ಬೀಳುವುದು, ಊಟ ನಿಲ್ಲಿಸುವುದು, ಇಡೀ ದಿನ ತೂಕಡಿಸುವುದು, ಇವು ಅವರ ಜ್ವರ. ಇದರ ಜೊತೆ ಏದುಸಿರು, ಮೂತ್ರ ತೀರ ಕಡಿಮೆ, ಬಿಪಿ ಇಳಿಕೆ, ಕೈಕಾಲು ತಣ್ಣಗಾಗುವುದು ಕಂಡರೆ ಲ್ಯಾಬಿಗಲ್ಲ, 108ಕ್ಕೆ ಕರೆಮಾಡಿ ನೇರ ಆಸ್ಪತ್ರೆಗೆ ಹೋಗಿ.

ಮೈ ನೆಟ್ಟಗಿದೆ, ಊಟ ನಿದ್ದೆ ಸರಿಯಿದೆ, ತೂಕ ಇಳಿದಿಲ್ಲ, ಅಂಕಿ ಮಾತ್ರ ಸ್ವಲ್ಪ ಮೇಲಿದೆ ಎಂದಾದರೆ ಡಾಕ್ಟ್ರನ್ನು ಕೇಳಿ ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿದರೆ ಸಾಕಾಗುವುದೇ ಹೆಚ್ಚು. ಅಂಕಿ ಇಳಿಸಲೆಂದು ನೋವಿನ ಮಾತ್ರೆ ನುಂಗಿಸುವುದು, ಉಳಿದ ಆಂಟಿಬಯಾಟಿಕ್ ಕೊಡುವುದು ಬೇಡವೇ ಬೇಡ. ನೋವಿನ ಮಾತ್ರೆಗೆ ಮೊದಲು ಬಲಿಯಾಗುವುದು ಹಿರಿಯರ ಹೊಟ್ಟೆ ಮತ್ತು ಮೂತ್ರಪಿಂಡ.

ಹಂತ 8: ಒಂದು ಪುಸ್ತಕ ಇಡಿ

ಲ್ಯಾಬಿನ ಮಿತಿಗಿಂತ ನಿಮ್ಮ ಹಿರಿಯರ ಹಿಂದಿನ ಅಂಕಿಯೇ ದೊಡ್ಡ ಅಳತೆಗೋಲು. ಐದು ವರ್ಷದಿಂದ ಇಎಸ್‌ಆರ್ 40ರಲ್ಲಿರುವ ಅಜ್ಜಿಗೆ 42 ಸುದ್ದಿಯೇ ಅಲ್ಲ. ಸದಾ 12 ಇದ್ದ ಅಜ್ಜನಿಗೆ 38 ಬಂದರೆ, ಮಿತಿಯೊಳಗಿದ್ದರೂ ಕೇಳಬೇಕು. ಆದ್ದರಿಂದ ಹುಷಾರಾಗಿರುವ ದಿನಗಳಲ್ಲೇ ವರ್ಷಕ್ಕೊಮ್ಮೆ ಬಂದ ಅಂಕಿಗಳನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನ, ಲ್ಯಾಬು, ಅಳತೆ, ಅಂಕಿ, ಆ ವಾರ ಮೈ ಹೇಗಿತ್ತು.

ಡಾಕ್ಟ್ರಲ್ಲಿ ಮೂರು ಪ್ರಶ್ನೆ ಕೇಳಿದರೆ ಸಾಕು. ಈ ಅಂಕಿ ಇವರ ವಯಸ್ಸಿಗೆ ಹೆಚ್ಚೇ? ಯಾವ ಕಾರಣ ಇರಬಹುದೆಂದು ನಿಮಗನಿಸುತ್ತದೆ? ಮತ್ತೆ ಯಾವಾಗ ನೋಡಬೇಕು? ಮಲಯಾಳ ಸರಿಯಾಗಿ ಬಾರದಿದ್ದರೆ ನಾಚಿಕೆಪಡದೆ ಹೇಳಿ, ಕನ್ನಡ ಬಲ್ಲ ನರ್ಸಮ್ಮ ಒಬ್ಬರಾದರೂ ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಸಿಗುತ್ತಾರೆ.

ದೊಡ್ಡಮ್ಮನಿಗೆ ನಾನೇ ಪುಸ್ತಕ ಮಾಡಿಕೊಟ್ಟಿದ್ದೇನೆ. ಹಿಮೋಗ್ಲೋಬಿನ್ 10.4 ಇತ್ತು, ಇಎಸ್‌ಆರನ್ನು ಅದೂ ಸ್ವಲ್ಪ ಎತ್ತಿದ್ದಿರಬೇಕು. ಕಬ್ಬಿಣದ ಮಾತ್ರೆ ಶುರುವಾಯಿತು. ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 11.6, ಇಎಸ್‌ಆರ್ 34. ಪುಸ್ತಕದ ಮೊದಲ ಪುಟದಲ್ಲಿ ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಬರೆದಿದ್ದೇನೆ: ಪನಿ ಎಂದರೆ ಜ್ವರ. ಎಲಿಪನಿ ಎಂದರೆ ಇಲಿಜ್ವರ. ಅಣುಬಾಧ ಎಂದರೆ ಸೋಂಕು. ನೀರ್‌ಕೆಟ್ಟ್ ಎಂದರೆ ಉರಿಯೂತ, ಬಾವು. ಹೃದಯದ, ಕಿಡ್ನಿಯ ಡಾಕ್ಟ್ರು ಬೇಡವೆಂದು ಹೇಳದ ಹೊರತು ನೀರು ಕುಡಿಯಬೇಕು.